ಬಳಿಗಾರ್ತಿ ಸಾಂತವ್ವ ಒಲಿ ಆರಿಸಿದ್ದು

ಹತ್ರ ಬರ್ರಿ, ಗದ್ದಲ ಮಾಡಬ್ಯಾಡ್ರಿ. ನಗೂ ಕಥಿ ಅಲ್ಲ ಇದು, ಮೊದಲ ಹೇಳಿಬಿಡ್ತೀನಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.

ಒಂದು ರಾಜ್ಯದಾಗ ಒಬ್ಬ ರಾಜ ಇದ್ದ. ಕೆಟ್ಟಾಂವ ಅಲ್ಲ. ಆದ್ರ ಅರಮನಿ ಬಿಟ್ಟು ಹೊರಗ ಬರಾಂವ ಅಲ್ಲ. ಒಂದು ವರ್ಷ ಆ ಊರಿಗೆ ದೊಡ್ಡ ಬ್ಯಾನಿ ಬಂತು. ಮುಟ್ಟಿದ್ರ ಹತ್ತೂ ಬ್ಯಾನಿ. ಸಂತಿ ನಿಂತ್ವು. ಮದುವಿ ನಿಂತ್ವು. ಊರ ಅಗಸಿ ಬಾಗಿಲಾ ಮುಚ್ಚಿದ್ರು.

ಸಿಪಾಯಿಗೆ ತಿಂಗಳಾ ತಿಂಗಳಾ ಜೋಳದ ಪಡಿ ಇತ್ತು. ಕಾರಕೂನಗ ಪಡಿ ಇತ್ತು. ಅರಮನಿ ಆನಿಗೂ ಪಡಿ ಇತ್ತು. ಇಲ್ಲದಾವರು ಯಾರು? ಕಸಬಿನ ಓಣ್ಯಾವರು. ಕತ್ತಿಗೆ ಸಾಣಿ ಹಿಡಿಯೂ ಹುಲಗಪ್ಪ, ಕೌದಿ ಹೊಲಿಯೂ ದುರಗವ್ವ, ಪಾತ್ರಿಗೆ ಕಲಾಯಿ ಹಾಕೂ ಮೋದಿನಸಾಬ, ಬಳಿ ಇಡೂ ಸಾಂತವ್ವ. ಅವತ್ತು ದುಡದ್ರ ಅವತ್ತು ಊಟ. ಪಡಿ ಕೇಳಿದ್ರ ಅರಮನಿಯಾವರು ನಕ್ಕರು: "ನಿಮಗ್ಯಾಕ್ರೀ ಪಡಿ? ನಿಮ್ಮ ಧಣಿ ನೀವ ಅಲ್ಲೇನು?" ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಕೈ ಕೆಸರು ಮಾಡಾಕ ಕೆಲಸಾನ ಇಲ್ಲಂದ್ರ ಏನ್ ಮಾಡಬೇಕು, ಹೇಳ್ರಿ?

ಕಡೀಕ ರಾಜಗ ಮರುಕ ಬಂತು. ಡಂಗುರ ಸಾರಿಸಿದ: "ಯಾರ ಮನಿ ಒಲಿ ಆರೇತೋ, ಆ ಮನಿಗೆ ಜೋಳ ಕೊಡತೀವಿ." ನೋಡೂ ಕೆಲಸ ಉಗ್ರಾಣದ ಅಧಿಕಾರಿ ರಾಚೋಟಪ್ಪನ ಪಾಲಿಗೆ ಬಂತು.

ಆದ್ರ ಕಸಬಿನ ಓಣ್ಯಾಗ ಒಂದು ಪದ್ಧತಿ ಇತ್ತು. ಒಲಿ ಆರೇತಿ ಅಂತ ಯಾರೂ ತೋರಿಸಿಕೊಳ್ಳಬಾರದು. ಒಲಿ ಆರಿದ್ರ ಕೈಗುಣ ಹೋತು ಅಂತಿದ್ರು. ಕೈಗುಣ ಹೋದಾಕಿ ಕಡೆ ಮದುಮಗಳು ಬಳಿ ಇಡಿಸಿಕೋತಾಳೇನು? ಅದಕ್ಕ ಹಿಟ್ಟು ಮುಗದ್ರೂ ಹೊಗಿ ಮುಗೀಲಿಲ್ಲ. ಹಸಿ ಎಲಿ ಹಚ್ಚಿ, ಮ್ಯಾಲ ಬರೇ ನೀರಿಟ್ಟು ಕುದಿಸಿದ್ರು. ಮಾನ ಉಳೀತು. ಹೊಟ್ಟಿ ಉರೀತು.

ರಾಚೋಟಪ್ಪ ಮೊದಲ್ನೇ ಸಲ ಬುರುಜು ಹತ್ತಿ ನೋಡಿದ. ಎಲ್ಲಾ ಮನಿ ಮ್ಯಾಲ ಹೊಗಿ. ಎರಡ್ನೇ ಸಲ ಅರ್ಧ ಹತ್ತಿ ಇಳದ. ಮೂರ್ನೇ ಸಲ ಬುರುಜಿನ ಬುಡಕ್ಕ ಕುಂತು ಎಲಿ ಅಡಿಕಿ ಹಾಕ್ಕೊಂಡ. ಮೂರೂ ಸಲ ರಾಜಗ ಒಂದ ಮಾತು: "ಎಲ್ಲಾ ಮನ್ಯಾಗ ಹೊಗಿ ಆಡತದ, ಮಹಾಪ್ರಭು. ಉಂಡು ತೇಗತಾರ." ಉಳದ ಜೋಳಾ ಬಂಡಿಗೆ ಏರಿಸಿ, ಅಗಸಿ ತೆರಸಿ, ಪರರಾಜ್ಯಕ್ಕ ಮಾರಾಕ ಕಳಿಸಿದ. ಇಂಥಾವನ ಬಾಯಾಗ ಮಣ್ಣ ಹಾಕ!

ಸಾಂತವ್ವನ ಮಗಳು ನೀಲವ್ವ ಬಾಣಂತಿ. ಹದಿನೈದು ದಿನದ ಕೂಸು. ತಾಯಿ ಹೊಟ್ಟಿಗೆ ಕೂಳಿಲ್ಲ, ಮೊಲ್ಯಾಗ ಹಾಲಿಲ್ಲ. ಕೂಸು ಮೊದಲ ಜೋರಾಗಿ ಅಳತಿತ್ತು. ಆಮ್ಯಾಲ ಸಣ್ಣಗ ಅಳತಿತ್ತು. ಒಂದಿನ ಅಳೂದ ಬಿಟ್ಟಿತು.

ಸಾಂತವ್ವ ಸೆರಗು ಹೊದ್ದು ಎದ್ಳು. ಒಂದು ಹಿಡಿ ಹಿಟ್ಟು ಕೇಳಾಕ ಹೊಂಟ್ಳು.

ಹುಲಗಪ್ಪನ ಬಾಗಿಲಿಗೆ ಹೋದ್ಳು. ಬಾಯಿ ತೆಗಿಯೂದರಾಗ ಹುಲಗಪ್ಪ ತುಟಿ ಒರಸಿಕೋತ ಬಂದ. "ಈಗ ಊಟ ಆತು ನೋಡಕ್ಕ. ನಿಂದಾತೇನು?" ಆಕಿಗೆ ಕೇಳಾಕ ನಾಲಿಗಿ ಏಳಲಿಲ್ಲ. "ಆತಪ್ಪ, ಬಿಸಿ ರೊಟ್ಟಿ," ಅಂದ್ಳು.

ದುರಗವ್ವನ ಬಾಗಿಲಿಗೆ ಹೋದ್ಳು. "ಬಾರವ್ವ, ಈಗರ ಕೈ ತೊಳಕೊಂಡೆ. ನಿಂದಾತೇನು?" "ಆತವ್ವ, ಬಿಸಿ ರೊಟ್ಟಿ."

ಮೋದಿನಸಾಬನ ಬಾಗಿಲಿಗೆ ಹೋದ್ಳು. "ಅಣ್ಣಾ," ಅಂದ್ಳು. ಉತ್ತರ ಇಲ್ಲ. ಮಾಡಿನಿಂದ ಹೊಗಿ ಬರಾಕ ಹತ್ತಿತ್ತು. ಬಾಗಿಲಾ ದೂಡಿದ್ಳು. ಮುದುಕ ಗ್ವಾಡಿಗೆ ಬೆನ್ನ ಕೊಟ್ಟು ಕುಂತಿದ್ದ, ಕೈಯಾಗ ಊದೂ ಕೊಳವಿ ಹಿಡದು. ಜೀವ ಇರಲಿಲ್ಲ. ಒಲಿ ಮ್ಯಾಲ ಪಾತ್ರಿ, ಪಾತ್ರ್ಯಾಗ ಬರೇ ನೀರು.

ಸಾಂತವ್ವ ಅಲ್ಲೇ ಕುಂತು ಅತ್ತಳು. ಅಣ್ಣನ ಸಲುವಾಗಿ ಅತ್ತಳು, ತನ್ನ ಸಲುವಾಗೂ ಅತ್ತಳು. ದಿನಾ ಎದುರುಬದರು ಕುಂತು ಸುಳ್ಳ ಹೊಗಿ ನೋಡಿಕೋತ, ಒಬ್ಬರ ಹಸಿವು ಒಬ್ಬರಿಗೆ ಗೊತ್ತಾಗಲಿಲ್ಲಲ್ಲೋ ಶಿವನೇ!

ಮೋದಿನಸಾಬನ ಮಣ್ಣಿಗೆ ನಾಲ್ಕು ಮಂದಿ ಹೆಗಲು ಕೊಟ್ರು. ನಾಲ್ಕು ಹೆಗಲಿಗೂ ಬಲ ಇರಲಿಲ್ಲ. ದಾರ್ಯಾಗ ಮೂರು ಕಡೆ ಇಳಿಸಿ ಒಯ್ದರು.

ಮನಿಗೆ ಬಂದಾಕಿನ ಸಾಂತವ್ವ ತನ್ನ ಒಲಿಗೆ ಒಂದು ಕೊಡ ನೀರು ಸುರದ್ಳು. ಓಣ್ಯಾಗ ನಿಂತು ಕೂಗಿದ್ಳು: "ನನ್ನ ಒಲಿ ಆರೇತ್ರೋ! ಕೈಗುಣ ಹೋದ್ರ ಹೋಗಲಿ, ನನಗ ಕೂಸು ಬೇಕು!"

ಹುಲಗಪ್ಪ ನೆಲಾ ನೋಡಿದ. ಆಮ್ಯಾಲ ಒಳಗ ಹೋಗಿ ತನ್ನ ಒಲಿನೂ ಆರಿಸಿದ. ದುರಗವ್ವ ಆರಿಸಿದ್ಳು. ಓಣಿ ಓಣಿನ ಆರಿತು.

ಇನ್ನ ಜೋಳ ಬರತದ ಅಂತ ಕಾದರು. ಒಂದಿನ ಕಾದರು, ಬರಲಿಲ್ಲ. ಎರಡು ದಿನ ಕಾದರು, ಬರಲಿಲ್ಲ. ಮೂರ್ನೇ ದಿನ ಸಾಂತವ್ವಗ ತಿಳೀತು, ಈ ಮನಷ್ಯಾ ಓಣಿ ಕಡೆ ನೋಡೂದ ಇಲ್ಲ. ಬಳಿ ಮಲಾರ ಹೆಗಲಿಗೆ ಹಾಕ್ಕೊಂಡು ಅರಮನಿ ಮುಂದ ನಿಂತು "ಬಳೀ, ಬಳೀ" ಅಂತ ಕೂಗಿದ್ಳು. ಅಷ್ಟೊತ್ತಿಗೆ ಬ್ಯಾನಿ ಇಳದಿತ್ತು, ಹಸಿವು ಇಳದಿರಲಿಲ್ಲ. ರಾಣಿ ಒಳಗ ಕರಿಸಿದ್ಳು, ಕೈ ಚಾಚಿದ್ಳು.

"ಮೊದಲ ಒಂದು ಮಾತು, ತಾಯಿ. ನನ್ನ ಒಲಿ ಆರಿ ಮೂರು ದಿನ ಆತು. ನನ್ನ ಕೈಲೆ ಬಳಿ ಇಡಿಸಿಕೋತೀರೋ ಇಲ್ಲೋ, ನೀವ ಹೇಳ್ರಿ."

ರಾಣಿ ಗಾಬರಿ ಆದ್ಳು. "ಹಂಗ್ಯಾಕಂತೀ? ಎಲ್ಲಾ ಮನ್ಯಾಗ ಹೊಗಿ ಐತಿ ಅಂತ ರಾಚೋಟಪ್ಪ ಈಗ ಮುಂಜಾನೆ ಹೇಳಿದನಲ್ಲ?" ಆಳನ್ನ ಓಡಿಸಿದ್ಳು. ರಾಜ ಬಂದ. ರಾಚೋಟಪ್ಪನೂ ಬಂದ.

ಸಾಂತವ್ವ ರಾಚೋಟಪ್ಪಗ ಕೈ ಮುಗದು ಕೇಳಿದ್ಳು, "ಧಣ್ಯಾರ, ಇವತ್ತ ಹುಲಗಪ್ಪನ ಮನ್ಯಾಗ ಹೊಗಿ ಇತ್ತೇನ್ರಿ?"

"ಇರಲಾರದ ಏನು? ಕಣ್ಣಾರೆ ಕಂಡೀನಿ!"

"ದುರಗವ್ವನ ಮನ್ಯಾಗ?"

"ಅಲ್ಲೂ ಇತ್ತು!"

"ಕಲಾಯಿ ಮೋದಿನಸಾಬನ ಮನ್ಯಾಗ?"

ರಾಚೋಟಪ್ಪ ಜೋರಾಗಿ ನಕ್ಕ. "ಅವನ ಹೊಗಿನ ಎಲ್ಲಾರಿಗಿಂತ ದಪ್ಪ, ಮಹಾಪ್ರಭು! ಇವತ್ತ ಹಬ್ಬದ ಅಡಿಗಿ ಮಾಡ್ಯಾನೇನೋ!"

ಸಾಂತವ್ವ ನಗಲಿಲ್ಲ. "ಮೋದಿನಸಾಬನ್ನ ಮಣ್ಣು ಮಾಡಿ ಇವತ್ತಿಗೆ ಮೂರು ದಿನ ಆತು, ದೊರೀ. ಹಸಿವಿನಿಂದ ಸತ್ತ."

ರಾಜ ತಾನ ಮಾಳಿಗಿ ಹತ್ತಿ ನೋಡಿದ. ಓಣಿ ಮ್ಯಾಲ ಒಂದು ಎಳಿ ಹೊಗಿ ಇಲ್ಲ. ಇಳದು ಬಂದು ಸಾಂತವ್ವನ ಮುಂದ ತಲಿ ತಗ್ಗಿಸಿದ. "ನಾನೂ ತಪ್ಪು ಮಾಡೀನವ್ವ. ಅವನ ಕಣ್ಣಿಲೆ ನೋಡಿದೆ," ಅಂದ.

ಅವತ್ತ ಉಗ್ರಾಣ ತೆರದ್ರು. ರಾಚೋಟಪ್ಪನ ಆಸ್ತಿ ಮಾರಿ ಹೋದಷ್ಟು ಜೋಳ ತಿರುಗಿ ತರಿಸಿದ್ರು. ಸಿಪಾಯಿಗೆ ಇದ್ದಂಗ ಕಸಬಿನಾವರಿಗೂ ಕಷ್ಟಕಾಲದ ಪಡಿ ಬರದ್ರು. ರಾಚೋಟಪ್ಪಗ ಶಿಕ್ಷಾ ಏನು ಗೊತ್ತೇನು? ಜೋಳದ ಚೀಲ ತಾನ ಹೊತ್ತು, ಬದುಕಿರೂತನಕ ದಿನಾ ಮನಿ ಮನಿ ಮುಂದ ನಿಂತು "ಉಂಡೀರೇನ್ರಿ?" ಅಂತ ಕೇಳಬೇಕು. ಪಾತ್ರಿ ಮುಚ್ಚಳ ತೆಗದು ನೋಡಿ ಮುಂದ ಹೋಗಬೇಕು. ಯಾವ ಮನಿನೂ ಬಿಡಾಂಗಿಲ್ಲ.

ನೀಲವ್ವ ಅಂಬಲಿ ಕುಡದ್ಳು. ಕೂಸು ಉಳೀತು. ಆದ್ರ ರಾಚೋಟಪ್ಪ ದಿನಾ ಮೋದಿನಸಾಬನ ಬಾಗಿಲಿಗೂ ನಿಂತು "ಉಂಡೀರೇನ್ರಿ?" ಅಂತ ಕೇಳತಿದ್ದ. ಒಳಗಿಂದ ಯಾರೂ ಓ ಅನ್ನತಿರಲಿಲ್ಲ. ಜೋಳ ಬಂತು, ಅಣ್ಣ ಬರಲಿಲ್ಲ.

ತಿಳೀತೇನ್ರೆಪ್ಪಾ? ತನ್ನ ಕೈ ನಂಬಿ ದುಡಿಯಾವರಿಗೂ ಕೆಟ್ಟ ಕಾಲ ಬರತದ. ಇಲ್ಲ ಅನ್ನೂದು ಅವಮಾನ ಅಲ್ಲ, ಇಲ್ಲದಾಗ ಐತಿ ಅಂದು ಸಾಯಬಾರದು. ಅನ್ನ ಹಂಚೂ ಅಧಿಕಾರ ಇದ್ದಾವರು ದೂರಿಂದ ನೋಡಿ "ಎಲ್ಲಾ ಆರಾಮ ಅದಾರ" ಅನ್ನಬಾರದು, ಹೊಸ್ತಿಲಾ ದಾಟಿ ಒಳಗ ಹೋಗಿ ಕೇಳಬೇಕು. ತಡಾ ಮಾಡಿ ಕೇಳಿದ್ರ ಹೇಳಾಕ ಮನಷ್ಯಾನ ಇರೂದಿಲ್ಲ.