ಕೂತು ನೋಡುವ ಪರೀಕ್ಷೆ

ಗೂಡು ಕಟ್ಟುವ ಕಸುಬಿನವರಿಗೆಂದು ಕಾಡಿನಲ್ಲಿ ಒಂದು ಮಂಡಳಿಯಿತ್ತು. ಅದರ ಪರವಾನಗಿ ಇಲ್ಲದೆ ಯಾರೂ ಇನ್ನೊಬ್ಬರಿಗೆ ಗೂಡು ಕಟ್ಟಿಕೊಡುವಂತಿರಲಿಲ್ಲ. ಪರವಾನಗಿ ಕೇಳಲು ಬಂದ ಬೆಳವ ಹಕ್ಕಿ, ತಾನು ಪಿಕಳಾರಕ್ಕೆ ಕಟ್ಟಿದ ಗೂಡನ್ನು ಪರೀಕ್ಷೆಗೆ ತೋರಿಸಿತು. ಪಿಕಳಾರ ಅಂದೇ ಮೊಟ್ಟೆ ಇಡುವುದರಲ್ಲಿತ್ತು.

"ಇವನ ಅಪ್ಪ, ಅಜ್ಜ ಎಲ್ಲರೂ ನಮ್ಮಲ್ಲಿ ನೋಂದಾಯಿತರು. ಮುದ್ರೆ ಒತ್ತಿಬಿಡಿ," ಎಂದಿತು ಮಂಡಳಿಯ ಅಧ್ಯಕ್ಷನಾದ ಮರಕುಟಿಗ.

"ಕೂತು ನೋಡುತ್ತೇನೆ," ಎಂದಿತು ಪರೀಕ್ಷಕಿ ಗೀಜಗ. ಗಂಡು ಕಟ್ಟಿದ ಗೂಡನ್ನು ಹೆಣ್ಣು ಒಳಗೆ ಕೂತು ನೋಡಿಯೇ ಒಪ್ಪುವುದು ಗೀಜಗಗಳ ಪದ್ಧತಿ.

"ಕೂರುವುದೇಕೆ ತಾಯಿ? ಕಣ್ಣಿಗೇ ಕಾಣುತ್ತದಲ್ಲ. ಕಡ್ಡಿ ಕಡಿಮೆಯಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ," ಎಂದಿತು ಬೆಳವ.

ಗೀಜಗ ಗೂಡಿನಲ್ಲಿ ಕೂತು ಕೊಂಬೆಯನ್ನು ಅಲುಗಿಸಿತು. ತಳ ಬಿಚ್ಚಿಕೊಂಡು ಕಡ್ಡಿಗಳೆಲ್ಲ ನೆಲಕ್ಕೆ ಉದುರಿದವು. "ಮುದ್ರೆ ಇಲ್ಲ," ಎಂದಿತು.

ಪಿಕಳಾರ ಕೆರಳಿತು. "ನೀನು ಕೂರದಿದ್ದರೆ ನನಗೊಂದು ಗೂಡಿರುತ್ತಿತ್ತು. ಈಗ ಮೊಟ್ಟೆಯನ್ನು ನಿನ್ನ ತಲೆಯ ಮೇಲೆ ಇಡಲೇ?"

ಗೀಜಗ ಹುಲ್ಲಿನ ನಾರು ಸೀಳಿ ತಂದು ಹೊಸ ತಳ ಹೆಣೆಯತೊಡಗಿತು. ಪಿಕಳಾರ ಪಕ್ಕದಲ್ಲೇ ಕೂತು ಬೈಯುತ್ತಲೇ ಇತ್ತು.

"ಮಂಡಳಿಯ ಮರ್ಯಾದೆಯ ಪ್ರಶ್ನೆ. ಅವಳ ಬಾಯಿ ಮುಚ್ಚಿಸಲೇ?" ಎಂದು ಮರಕುಟಿಗ ಕೇಳಿತು.

"ಬೈಯಲಿ ಬಿಡಿ," ಎಂದಿತು ಗೀಜಗ. "ಗೂಡು ಕಳಚಿ ಮೊಟ್ಟೆ ಬಿದ್ದು ಒಡೆದ ಮೇಲೆ ನಮ್ಮಲ್ಲಿಗೆ ಬಂದ ತಾಯಂದಿರು ಯಾರೂ ಬೈದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಎದ್ದು ಹೋಗುತ್ತಾರೆ."