ಹಲ್ಲಿಯ ಎಣಿಕೆ

ಕಾಡಿನವರಿಗೆ ಮದ್ದು ತಿಳಿಸಲೆಂದು ನವಿಲು ಒಂದು ವೆಬ್‌ಸೈಟ್ ನಡೆಸುತ್ತಿತ್ತು. ಯಾರಾದರೂ ಕಾಯಿಲೆಯ ಹೆಸರು ಬರೆದರೆ ಸಾಕು, ಹೆಗ್ಗಣ ಡೇಟಾಬೇಸಿನ ಬಿಲಕ್ಕಿಳಿದು ಮದ್ದಿನ ಚೀಟಿ ಹುಡುಕಿ ತರುತ್ತಿತ್ತು. ಗೋಡೆಯ ಮೇಲಿನ ಹಲ್ಲಿಗೆ ಒಂದೇ ಕೆಲಸ: ಪ್ರತಿ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುವುದು, ತಡವಾದರೆ ಲೊಚಗುಟ್ಟುವುದು.

ಒಂದು ಬೆಳಿಗ್ಗೆ ಹಲ್ಲಿ ಮೂರು ಸಲ ಲೊಚಗುಟ್ಟಿತು. ನವಿಲಿಗೆ ರೇಗಿತು.

“ಬೆಳಿಗ್ಗೆ ಬೆಳಿಗ್ಗೆಯೇ ಅಪಶಕುನ ನುಡಿಯುತ್ತೀಯಾ?”

“ಶಕುನವಲ್ಲ ಸ್ವಾಮಿ. ಚೇಳು ಕಡಿದವರು ಬಹಳ ಹೊತ್ತು ಕಾಯುತ್ತಿದ್ದಾರೆ.”

“ಕೆಮ್ಮು, ನೆಗಡಿ ಅಂದವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಸಿಗುತ್ತಿದೆ. ಚೇಳು ಕಡಿಸಿಕೊಂಡು ಬರುವವರು ಎಷ್ಟು ಮಂದಿ?” ಎಂದು ನವಿಲು ಹಲ್ಲಿಯನ್ನು ಓಡಿಸಿತು.

ಅಂದಿನಿಂದ ಲೊಚಗುಟ್ಟುವ ಸದ್ದೇ ಇಲ್ಲ. “ಈಗ ಎಲ್ಲ ಸರಿಹೋಯಿತು” ಎಂದು ನವಿಲು ಗರಿಬಿಚ್ಚಿ ಕುಣಿಯಿತು.

ವಾರದೊಳಗೆ ನವಿಲಿನ ಮರಿಗೇ ಚೇಳು ಕಡಿಯಿತು. ನವಿಲು ಗಾಬರಿಯಿಂದ ತನ್ನ ವೆಬ್‌ಸೈಟಿನಲ್ಲೇ ಮದ್ದು ಕೇಳಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮರಿಯ ಕೂಗು ಕ್ಷೀಣವಾಗತೊಡಗಿದಾಗ ಹೆಗ್ಗಣ ಏದುಸಿರು ಬಿಡುತ್ತ ಚೀಟಿ ತಂದಿತು.

“ಇಷ್ಟು ಹೊತ್ತೇ?” ನವಿಲು ಕಿರುಚಿತು.

“ಚೇಳಿನ ಮದ್ದಿಗೆ ಯಾವಾಗಲೂ ಇಷ್ಟೇ ಹೊತ್ತು ಸ್ವಾಮಿ. ಅದು ಎಲ್ಲಿದೆಯೆಂದು ಬರೆದಿಟ್ಟಿಲ್ಲ, ರಾಶಿಯನ್ನೆಲ್ಲ ಕೆದಕಬೇಕು.”

ಮರಿಗೆ ಮದ್ದು ಹಚ್ಚುತ್ತಲೇ ನವಿಲು ಕೇಳಿತು: “ಹಾಗಾದರೆ ಈ ವಾರ ಇನ್ನೆಷ್ಟು ಮರಿಗಳು ಹೀಗೆ ಕಾದವು?”

ಹೆಗ್ಗಣ ಬರಿದಾದ ಗೋಡೆಯನ್ನು ನೋಡಿತು.

“ಎಣಿಸುತ್ತಿದ್ದವನನ್ನು ನೀವೇ ಓಡಿಸಿದಿರಲ್ಲ.”