ಕಾಲುಕೆರಕ ಎಂಬ ಹೆಸರು ಹುಟ್ಟಿದ ಕತೆ

ಮಕ್ಕಳೇ, ಒಂದು ಕುರುಚಲು ಕಾಡಿನಲ್ಲಿ ದೊಡ್ಡ ಹುತ್ತವಿತ್ತು. ಅದರ ಈಚೆಗೆ ಕಾಡುಕೋಳಿಗಳು, ಆಚೆಗೆ ಗೌಜಲಹಕ್ಕಿಗಳು. ಬೆಳಿಗ್ಗೆ ಕೋಳಿಗಳು ಗೆದ್ದಲು ಹೆಕ್ಕಬೇಕು, ಸಂಜೆ ಗೌಜಲುಗಳು. ಅಜ್ಜಿಯರ ಕಾಲದ ಈ ಪದ್ಧತಿಯಿಂದ ಎಲ್ಲರ ಹೊಟ್ಟೆಯೂ ತುಂಬುತ್ತಿತ್ತು.

ಎಲ್ಲವೂ ಸರಿಯಿದ್ದರೆ ಕೆಲವರಿಗೆ ನಿದ್ದೆ ಬರುವುದಿಲ್ಲ ನೋಡಿ! ಕಿಡಿಗಣ್ಣ ಎಂಬ ಹುಂಜ ಅಂಥವನು.

"ಗೌಜಲುಗಳ ಮೇಲೆ ಯುದ್ಧ ಮಾಡೋಣ!" ಎಂದು ಅವನು ಕೂಗಿದ.

"ಅವರು ನಮಗೇನು ಮಾಡಿದ್ದಾರೆ?" ಎಂದಳು ಹೆಂಡತಿ ಬೂದಕ್ಕ.

"ಏನೂ ಮಾಡಿಲ್ಲ. ಅದಕ್ಕೇ ನನಗೆ ಅನುಮಾನ!"

"ನೆಮ್ಮದಿಯಾಗಿರೋಣ ಮಾರಾಯ. ಮರಿಗಳು ಹೊರಬರುವ ಹೊತ್ತು." ಪೊದೆಯಡಿಯ ಗುಂಡಿಯಲ್ಲಿ, ತರಗೆಲೆಯ ಮರೆಯಲ್ಲಿ ಅವಳ ನಾಲ್ಕು ಮೊಟ್ಟೆಗಳಿದ್ದವು.

"ಶಾಂತಿ ಅನ್ನುವವರೆಲ್ಲ ಹೇಡಿಗಳು!" ಎಂದು ಕಿಡಿಗಣ್ಣ ಪರಪರ ಕಾಲು ಕೆರೆದ. ಕಾಳಗಕ್ಕೆ ಮುಂಚೆ ಹುಂಜಗಳು ನೆಲ ಕೆರೆಯುವುದುಂಟು. ಇವನೋ ಕಾಳಗವೇ ಇಲ್ಲದೆ ಬೆಳಗಿನಿಂದ ಬೈಗಿನವರೆಗೂ ಕೆರೆಯುತ್ತಿದ್ದ. "ಸಾಕು, ಗೂಡಿನ ಎಲೆಗಳು ಹಾರುತ್ತಿವೆ" ಎಂದು ಬೂದಕ್ಕ ಹೇಳಿ ಹೇಳಿ ಸೋತಳು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನು ಪ್ರಯೋಜನ?

ಒಂದು ದಿನ ಅವಳು ನೀರು ಕುಡಿಯಲು ಹೋದಳು. "ಕಾವಲಿಗೆ ನಾನಿದ್ದೇನೆ" ಎಂದ ಕಿಡಿಗಣ್ಣ, ಗೂಡಿಗೆ ಬೆನ್ನು ಹಾಕಿ ಗೌಜಲುಗಳ ಕಡೆಗೇ ದುರುಗುಟ್ಟಿ ಕೆರೆಯತೊಡಗಿದ. ಕೆರೆದ ರಭಸಕ್ಕೆ ಹಿಂದಿನ ಎಲೆಯೆಲ್ಲ ಹಾರಿ ಮೊಟ್ಟೆಗಳು ಬಯಲಾದವು. ಅವು ಉಡದ ಕಣ್ಣಿಗೆ ಬಿದ್ದವು.

"ಕಿಡಿಗಣ್ಣಾ, ಹಿಂದೆ ನೋಡೋ! ಉಡ ಬಂತು!" ಎಂದು ಆಚೆಯಿಂದ ಮುದಿ ಗೌಜಲು ಕೂಗಿಕೊಂಡಿತು.

"ಓಹೋ! ನಾನು ತಿರುಗಿದೊಡನೆ ಹೊಡೆಯುವ ಉಪಾಯವೋ?" ಎಂದ ಈ ಜಾಣ. ತಿರುಗಲೇ ಇಲ್ಲ!

ಕೊನೆಗೆ ಗೌಜಲುಗಳೇ ಹಾರಿ ಬಂದು ಉಡವನ್ನು ಕುಕ್ಕಿ ಓಡಿಸಿದವು. ಅಷ್ಟರಲ್ಲಿ ಮೂರು ಮೊಟ್ಟೆಗಳು ಉಡದ ಹೊಟ್ಟೆ ಸೇರಿದ್ದವು.

ಬೂದಕ್ಕ ಬಂದು ಎದೆ ಬಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಶಾಂತಿ ಬಯಸುವವರಿಗೆ ಹೇಡಿಗಳು ಅಂತ ಹೆಸರಿಟ್ಟೆಯಲ್ಲ, ಶಾಂತಿ ಬೇಡ ಅನ್ನುವವರಿಗೂ ಒಂದು ಹೆಸರಿರಲಿ. ಕಾಲುಕೆರಕ!"

ಕಾಡಿನಲ್ಲಿ ಆ ಹೆಸರು ಹುಟ್ಟಿದ್ದು ಹಾಗೆ. ಉಳಿದ ಒಂದೇ ಮೊಟ್ಟೆಯನ್ನು ಮೆಲ್ಲಗೆ ಉರುಳಿಸಿಕೊಂಡು ಅವಳು ಗೌಜಲುಗಳ ಪೊದೆಗೆ ಹೊರಟಳು.

"ಕಾಲುಕೆರಕನೇ? ಯಾರಿಗೆ ಹೇಳಿದೆ?" ಎಂದು ಕಿಡಿಗಣ್ಣ ಹಿಂದಿನಿಂದ ಕೂಗಿದ. ಅಯ್ಯೋ, ಆಗಲೂ ಅವನು ಕೆರೆಯುತ್ತಲೇ ಇದ್ದ.

ನೀತಿ: ಇಲ್ಲದ ಶತ್ರುವಿಗಾಗಿ ಕಾಲು ಕೆರೆಯುವವನು ಮೊದಲು ಕೆಡಿಸುವುದು ತನ್ನ ಗೂಡನ್ನೇ.